ದಂಡು ಬಿಟ್ಟ ಜಾಗದಲ್ಲಿ ನಾಟಕ ತಂಡ

ಹೊಳೆಹೊನ್ನೂರು ಅಂದರೆ ಇವತ್ತು ಹೆಚ್ಚಿನವರಿಗೆ ನೆನಪಾಗುವುದು ಭದ್ರೆಯ ದಡದಲ್ಲಿರುವ ಸತ್ಯಧರ್ಮತೀರ್ಥರ ಬೃಂದಾವನ, ಇಲ್ಲವೇ ತುಂಗೆ ಭದ್ರೆಯರು ಸೇರುವ ಕೂಡಲಿ. ಈ ಊರಿಗೆ ಕೋಟೆಯ ಚರಿತ್ರೆಯೂ ಒಂದಿದೆ ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ಮೂರನೇ ಮೈಸೂರು ಯುದ್ಧದ ಕಾಲದಲ್ಲಿ, 1791ರ ಡಿಸೆಂಬರ್‌ನಲ್ಲಿ, ಪರಶುರಾಮ ಭಾವು ಪಟವರ್ಧನನ ಮರಾಠಾ ದಂಡೂ ಅದರ ಜೊತೆಗಿದ್ದ ಕ್ಯಾಪ್ಟನ್ ಲಿಟ್ಲ್‌ನ ಮುಂಬಯಿ ಸಿಪಾಯಿಗಳ ತುಕಡಿಯೂ ಹೊಳೆಹೊನ್ನೂರಿನ ಕೋಟೆಗೆ ಮುತ್ತಿಗೆ ಹಾಕಿ ಅದನ್ನು ಹಿಡಿದವು. ಅಲ್ಲಿಂದ ಶಿವಮೊಗ್ಗದತ್ತ ನಡೆದು, ಡಿಸೆಂಬರ್ 29ರಂದು ಗಾಜನೂರಿನ ಬಳಿ ಟಿಪ್ಪುವಿನ ಸೇನೆಯೊಂದಿಗೆ ಕಾದಿದವು. 1792ರ ಜನವರಿ ಮೊದಲ ವಾರದಲ್ಲಿ ಶಿವಮೊಗ್ಗದ ಕೋಟೆಯೂ ಶರಣಾಯಿತು. ಗಾಜನೂರಿನಲ್ಲಿ ಗಾಯಗೊಂಡ ಎಡ್ವರ್ಡ್ ಮೂರ್ ಎಂಬ ತರುಣ ಅಧಿಕಾರಿ ಈ ದಂಡಯಾತ್ರೆಯ ವೃತ್ತಾಂತವನ್ನು ಬರೆದು 1794ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಹೀಗೆ ನಮ್ಮ ನೆಲದ ಒಂದು ಸಣ್ಣ ಕೋಟೆಯ ಕಾಳಗ ಗೆದ್ದವರ ಪುಸ್ತಕದಲ್ಲಿ ಉಳಿದುಕೊಂಡಿತು. ಸೋತವರು, ಊರಲ್ಲಿದ್ದವರು, ದಂಡಿಗೆ ದವಸ ಹೊತ್ತವರು ಏನು ಕಂಡರು ಎಂಬುದಕ್ಕೆ ಅಂಥ ಪುಸ್ತಕವಿಲ್ಲ. ಇಂಥ ಜಾಗಗಳನ್ನು ಇಂದು ನಾವು ಯಾವ ಕೆಲಸಕ್ಕೆ ಬಳಸಬೇಕು? ಹಳೆಯ ಸೇನಾ ಕಟ್ಟಡವೊಂದು ರಂಗಭೂಮಿಯ ಮನೆಯಾಗಬಹುದೇ? ಆಗುವುದಾದರೆ ಯಾವ ಷರತ್ತಿನ ಮೇಲೆ? ಕರ್ನಾಟಕದಲ್ಲಿಯೂ ಹೊರಗೆಯೂ ನಡೆದಿರುವ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಪ್ರಶ್ನೆಗೆ ಸಾಕಷ್ಟು ಗಟ್ಟಿಯಾದ ಉತ್ತರ ಸಿಗುತ್ತದೆ.

ಶಿವಮೊಗ್ಗ ಜಿಲ್ಲೆಯಲ್ಲಿ ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ, ಹೊಸನಗರ ತಾಲ್ಲೂಕಿನ ನಗರ, ಸೊರಬದ ಚಂದ್ರಗುತ್ತಿ, ಶಿವಮೊಗ್ಗ ಪೇಟೆಯೊಳಗಿನ ಕೋಟೆ ಪ್ರದೇಶ, ಹೀಗೆ ಕೆಳದಿಯ ಅರಸರೂ ಅವರ ನಂತರ ಮೈಸೂರಿನವರೂ ಕಾವಲಿಟ್ಟ ಜಾಗಗಳು ಇಲ್ಲಿ ಹೇರಳ. 1763ರಲ್ಲಿ ಹೈದರಾಲಿ ಬಿದನೂರನ್ನು, ಅಂದರೆ ಇಂದಿನ ನಗರವನ್ನು, ಗೆದ್ದ ಮೇಲೆ ಈ ಕೋಟೆಗಳ ಒಡೆಯರು ಬದಲಾದರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಅವುಗಳ ಸೇನಾ ಪ್ರಯೋಜನ ಕ್ರಮೇಣ ಮುಗಿಯಿತು. ಆಮೇಲಿನ ಕಥೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಗೋಡೆಯ ಕಲ್ಲು ಮನೆ ಕಟ್ಟುವವರ ಪಾಲಾಯಿತು, ಕಂದಕ ತುಂಬಿತು, ಗಟ್ಟಿಯಾಗಿ ಉಳಿದ ಕಟ್ಟಡ ಕಚೇರಿಯೋ ಗೋದಾಮೋ ಶಾಲೆಯೋ ಆಯಿತು. ಶಿವಮೊಗ್ಗದ ಕೋಟೆ ಪ್ರದೇಶದಲ್ಲಿರುವ ಶಿವಪ್ಪನಾಯಕನ ಅರಮನೆ ಸರ್ಕಾರಿ ವಸ್ತುಸಂಗ್ರಹಾಲಯವಾಗಿ ಉಳಿದದ್ದು ಅದೃಷ್ಟದ ಮಾತು. ಉಳಿದವುಗಳಿಗೆ ನಾವು ಕೊಟ್ಟಿರುವ ಆಯ್ಕೆ ಎರಡೇ: ಬೇಲಿ ಹಾಕಿ ಫಲಕ ನೆಡುವುದು, ಇಲ್ಲವೇ ವರ್ಷಕ್ಕೊಮ್ಮೆ ಉತ್ಸವ ಮಾಡುವುದು. ಮೂರನೆಯದೊಂದು ದಾರಿಯಿದೆ. ಆ ದಾರಿಯ ತಿರುಳು ಇಷ್ಟು: ವೇದಿಕೆ, ದೀಪ, ಕುರ್ಚಿ ತಂದಿಟ್ಟರೆ ಹಳೆಯ ಸೇನಾ ಕಟ್ಟಡ ರಂಗಮಂದಿರವಾಗುವುದಿಲ್ಲ, ಅಲ್ಲಿ ವರ್ಷವಿಡೀ ಕೆಲಸ ಮಾಡುವ ತಂಡವೊಂದು ನೆಲೆನಿಂತರೆ ಆಗುತ್ತದೆ. ಗೆದ್ದ ಪ್ರಯೋಗಗಳಲ್ಲಿ ತಂಡ ಮೊದಲು ಬಂದಿದೆ, ಕಟ್ಟಡ ಆಮೇಲೆ. ಸೋತ ಕಡೆ ಈ ಕ್ರಮ ತಲೆಕೆಳಗಾಗಿದೆ.

ಮೊದಲು ಕಟ್ಟಡಗಳನ್ನೇ ನೋಡೋಣ. ಸೇನಾ ಕಟ್ಟಡವೆಂದರೆ ಎಲ್ಲವೂ ಒಂದೇ ಬಗೆಯವಲ್ಲ. ಕವಾಯತಿಗಾಗಿ ಕಟ್ಟಿದ ಹಾಲ್ ರಂಗಭೂಮಿಗೆ ತೀರ ಹತ್ತಿರದ್ದು. ಮಳೆಗಾಲದಲ್ಲೂ ಸಾಲು ಸಾಲಾಗಿ ಸಿಪಾಯಿಗಳು ಹೆಜ್ಜೆ ಹಾಕಬೇಕಿದ್ದರಿಂದ ಅಲ್ಲಿ ನಡುವೆ ಕಂಬವಿರುವುದಿಲ್ಲ. ಮಾಡನ್ನು ಉದ್ದನೆಯ ಕಬ್ಬಿಣದ ತೊಲೆಗಳು ಹೊರುತ್ತವೆ, ನೆಲ ಸಮತಟ್ಟು, ಬಾಗಿಲು ಅಗಲ, ಕಿಟಕಿ ಎತ್ತರದಲ್ಲಿ. ಎಲ್ಲಿ ಕೂತರೂ ನಟ ಕಾಣುತ್ತಾನೆ, ದೀಪಗಳನ್ನು ತೊಲೆಗೇ ಕಟ್ಟಬಹುದು. ಬ್ಯಾರಕ್ಕುಗಳದು ಬೇರೆ ಲೆಕ್ಕ. ಉದ್ದ ಹೆಚ್ಚು, ಅಗಲ ಕಡಿಮೆ, ಮುಂದೆ ಜಗಲಿ. ಪ್ರದರ್ಶನಕ್ಕಿಂತ ತಾಲೀಮಿಗೆ, ವಸತಿಗೆ, ಉಡುಪು ಪರಿಕರ ಇಡುವುದಕ್ಕೆ ಅವು ಹೇಳಿಮಾಡಿಸಿದಂತಿವೆ. ಮದ್ದಿನ ಮನೆಯ ಗೋಡೆ ದಪ್ಪ, ಒಳಗೆ ಗಾಳಿ ಬೆಳಕು ಕಡಿಮೆ, ಹೊರಬರುವ ದಾರಿ ಒಂದೇ. ಜನ ಸೇರಿಸಲು ಅದು ಅಪಾಯದ ಜಾಗ. ಕೋಟೆಯ ಅಂಗಳಕ್ಕೆ ಮಾಡಿಲ್ಲ, ಆದರೆ ಬೆನ್ನಿಗೆ ಗೋಡೆಯಿದೆ. ಕಲ್ಲಿನ ಗೋಡೆಯ ಮುಂದೆ ನಿಂತು ಆಡಿದ ಮಾತು ಮುಂದಿರುವವರಿಗೆ ಸ್ಪಷ್ಟವಾಗಿ ತಲುಪುತ್ತದೆ. ನಾಲ್ಕೂ ಕಡೆ ಗೋಡೆ ಎದ್ದಿದ್ದರೆ ಅದೇ ಮಾತು ಮಾರ್ದನಿಸಿ ಕಲಸಿಹೋಗುತ್ತದೆ. ಬುರುಜು, ಮೆಟ್ಟಿಲು, ಹೆಬ್ಬಾಗಿಲು ಇವು ಬೇರೆ ಬೇರೆ ಎತ್ತರದ ಆಟದ ಜಾಗಗಳನ್ನು ತಾವಾಗಿಯೇ ಒದಗಿಸುತ್ತವೆ. ಆದ್ದರಿಂದ ‘ಕೋಟೆಯನ್ನು ರಂಗಮಂದಿರ ಮಾಡಿ’ ಎಂಬ ಸಾರಾಸಗಟು ಬೇಡಿಕೆಗೆ ಅರ್ಥವಿಲ್ಲ. ಯಾವ ಭಾಗ ಯಾವ ಕೆಲಸಕ್ಕೆ ಒಗ್ಗುತ್ತದೆ ಎಂದು ಬಿಡಿಬಿಡಿಯಾಗಿ ಕೇಳಬೇಕು.

ಕರ್ನಾಟಕದಲ್ಲಿ ಸೇನಾ ಕಟ್ಟಡವೊಂದು ನಿಜವಾಗಿಯೂ ಥಿಯೇಟರ್ ಆದ ಉದಾಹರಣೆ ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿದೆ. 1809ರಲ್ಲಿ ಶುರುವಾದ ದಂಡು ಪ್ರದೇಶದಲ್ಲಿ 1868ರಲ್ಲಿ ಬೆಂಗಳೂರು ರೈಫಲ್ ವಾಲಂಟಿಯರ್ಸ್ ಎಂಬ ಸ್ವಯಂಸೇವಕ ಪಡೆ ಹುಟ್ಟಿತು. ಊರಿನ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು ತಮ್ಮ ಉದ್ಯೋಗದ ಜೊತೆಗೇ ಬಂದೂಕಿನ ಅಭ್ಯಾಸ ಮಾಡುತ್ತಿದ್ದ ಪಡೆ ಅದು. ಪರೇಡ್ ಮೈದಾನದ ಮಗ್ಗುಲಲ್ಲಿದ್ದ ಅದರ ಕೇಂದ್ರ ಕಟ್ಟಡ ಮುಂದೆ ಚಿತ್ರಮಂದಿರವಾಗಿ, ಪಡೆಯ ಹೆಸರಿನ ಮೊದಲಕ್ಷರಗಳನ್ನೇ ಇಟ್ಟುಕೊಂಡು ಬಿಆರ್‌ವಿ ಟಾಕೀಸ್ ಎನಿಸಿತು. ಇಂಗ್ಲಿಷ್ ಸಿನಿಮಾ ನೋಡಲು ದಂಡಿನ ಕಡೆ ಹೋಗುತ್ತಿದ್ದ ತಲೆಮಾರುಗಳಿಗೆ ಅದು ಚಿರಪರಿಚಿತ. ಪಡೆ ಇಲ್ಲವಾದ ಮೇಲೂ ಅದರ ಹೆಸರು ಜನರ ಬಾಯಲ್ಲಿ ಉಳಿದದ್ದು ಚಿತ್ರಮಂದಿರದಿಂದಲೇ ಎಂಬುದನ್ನು ಗಮನಿಸಬೇಕು. ಮರುಬಳಕೆ ಚರಿತ್ರೆಯನ್ನು ಅಳಿಸುತ್ತದೆ ಎನ್ನುವವರಿಗೆ ಇದು ಉತ್ತರ. ಆದರೆ ಪ್ರದರ್ಶನಗಳು ನಿಂತಾಗ ಆ ಕಟ್ಟಡ ಸೇನೆಯ ಕ್ಯಾಂಟೀನ್ ಆಯಿತು. ಪ್ರೇಕ್ಷಕರಿಗೆ ಅದರ ಮೇಲೆ ಅಕ್ಕರೆಯಿತ್ತು, ಹಕ್ಕಿರಲಿಲ್ಲ. ಇದು ತಮ್ಮ ಮನೆ ಎಂದು ಹೇಳಬಲ್ಲ ತಂಡವಾಗಲೀ ಸಂಘವಾಗಲೀ ಅಲ್ಲಿ ಬೇರೂರಿರಲಿಲ್ಲ. ಜಾಗದ ಒಡೆತನ ಒಬ್ಬರದು, ಪ್ರದರ್ಶನದ ವಹಿವಾಟು ಇನ್ನೊಬ್ಬರದು, ಬಂದು ಹೋಗುವವರು ಮತ್ತೊಬ್ಬರು ಎಂಬ ಏರ್ಪಾಡಿನಲ್ಲಿ ವಹಿವಾಟು ನಿಂತ ದಿನವೇ ಕಲೆಯ ನಂಟೂ ಕಡಿಯುತ್ತದೆ. ಬಿಆರ್‌ವಿಯ ಚರಿತ್ರೆ ನಮಗೆ ಕಲಿಸುವ ಪಾಠ ಇದು.

ಎರಡನೆಯ ಬಗೆಯ ಪ್ರಯೋಗಕ್ಕೆ ದೆಹಲಿಗೆ ಹೋಗಬೇಕು, ಆದರೆ ಅದರ ಬೇರು ಕನ್ನಡದ್ದು. ಗಿರೀಶ ಕಾರ್ನಾಡರು 1964ರಲ್ಲಿ ಬರೆದ ‘ತುಘಲಕ್’ ನಾಟಕವನ್ನು ಬಿ.ವಿ. ಕಾರಂತರು ಹಿಂದೂಸ್ತಾನಿಗೆ ತಂದಿದ್ದರು. 1972ರಲ್ಲಿ ಇಬ್ರಾಹಿಂ ಅಲ್ಕಾಜಿ ಅದನ್ನು ದೆಹಲಿಯ ಪುರಾನಾ ಕಿಲಾದಲ್ಲಿ ಆಡಿಸಿದರು. ಮನೋಹರ್ ಸಿಂಗ್ ತುಘಲಕ್ ಆದರು. ಅದಕ್ಕೂ ಮುಂಚೆ, 1963ರಲ್ಲಿ, ಅಲ್ಕಾಜಿ ಧರ್ಮವೀರ ಭಾರತಿಯವರ ‘ಅಂಧಾ ಯುಗ್’ ನಾಟಕವನ್ನು ಫಿರೋಜ್ ಷಾ ಕೋಟ್ಲಾದ ಪಾಳು ಗೋಡೆಗಳ ನಡುವೆ ಆಡಿಸಿದ್ದರು. ‘ತುಘಲಕ್’ನ ಒಂದು ಮುಖ್ಯ ದೃಶ್ಯ ದೌಲತಾಬಾದಿನ ಕೋಟೆಯ ಮೇಲೆ ರಾತ್ರಿ ಹೊತ್ತು ನಡೆಯುತ್ತದೆ. ಇಬ್ಬರು ಕಾವಲುಗಾರರು, ಒಬ್ಬ ಮುದುಕ ಒಬ್ಬ ತರುಣ, ಮಾತಾಡಿಕೊಳ್ಳುತ್ತಿರುವಾಗ ನಿದ್ದೆ ಬಾರದ ಸುಲ್ತಾನ ಅಲ್ಲಿಗೆ ಬರುತ್ತಾನೆ. ಈ ದೃಶ್ಯಕ್ಕೆ ಬಣ್ಣ ಬಳಿದ ಪರದೆಯ ಬದಲು ನಿಜವಾದ ಕೋಟೆಗೋಡೆ ಹಿನ್ನೆಲೆಯಾದಾಗ ಅಧಿಕಾರದ ಭಾರ ಕಣ್ಣಿಗೇ ಕಾಣುತ್ತದೆ. ಇನ್ನೂ ಒಂದು ಮಾತಿದೆ. 1947ರಲ್ಲಿ ಇದೇ ಪುರಾನಾ ಕಿಲಾ ವಿಭಜನೆಯ ನಿರಾಶ್ರಿತರ ಶಿಬಿರವಾಗಿತ್ತು. ರಾಜಧಾನಿ ಬದಲಿಸಲು ಜನರನ್ನೆಲ್ಲ ಎಬ್ಬಿಸಿ ನಡೆಸಿದ ಸುಲ್ತಾನನ ಕಥೆಯನ್ನು ಅಲ್ಲಿ ಆಡಿದಾಗ, ಆ ನೆಲದ ಇಪ್ಪತ್ತೈದು ವರ್ಷ ಹಳೆಯ ಗಾಯವೂ ನಾಟಕದೊಳಕ್ಕೆ ಬಂತು. ಜಾಗ ಕೃತಿಗೆ ಹೊಸ ಅರ್ಥ ಕೊಡುವುದೆಂದರೆ ಇದು. ಆದರೂ ಪುರಾನಾ ಕಿಲಾ ರಂಗಮಂದಿರವಾಗಲಿಲ್ಲ. ತಂಡ ಅಲ್ಕಾಜಿ ಮುಖ್ಯಸ್ಥರಾಗಿದ್ದ ನಾಟಕ ಶಾಲೆಯದು, ಕೋಟೆ ಪುರಾತತ್ವ ಇಲಾಖೆಯದು. ಪ್ರಯೋಗ ಮುಗಿದ ಮೇಲೆ ಎರಡೂ ತಮ್ಮ ತಮ್ಮ ದಾರಿ ಹಿಡಿದವು. ಸಂರಕ್ಷಿತ ಸ್ಮಾರಕದ ಮಟ್ಟಿಗೆ ಇದೇ ಸರಿಯಾದ ಮಾದರಿ: ತಂಡ ಬರಬೇಕು, ಆಡಬೇಕು, ಗುರುತು ಉಳಿಸದೆ ಹೋಗಬೇಕು.

ಮೂರನೆಯ ಬಗೆಯದು ಕಾಯಂ ನೆಲೆ. ಪ್ಯಾರಿಸ್ಸಿನ ಅಂಚಿನ ವ್ಯಾನ್ಸೆನ್ ಕಾಡಿನಲ್ಲಿ ಸೇನೆಗೆ ತೋಟಾ ತಯಾರಿಸುತ್ತಿದ್ದ ಹಳೆಯ ಕಾರ್ಖಾನೆಯೊಂದಿದೆ, ಹೆಸರು ಕಾರ್ತೂಶ್ರಿ. 1964ರಲ್ಲಿ ಹುಟ್ಟಿದ ತೆಆತ್ರ್ ದ್ಯು ಸೊಲೆಯ್ ಎಂಬ ತಂಡ ಆರಿಯಾನ್ ಮ್ನೂಶ್ಕಿನ್ ಅವರ ಮುಂದಾಳತ್ವದಲ್ಲಿ 1970ರಲ್ಲಿ ಅಲ್ಲಿಗೆ ಬಂತು. ಪಾಳು ಬಿದ್ದಿದ್ದ ಶೆಡ್ಡುಗಳನ್ನು ಕಲಾವಿದರೇ ಸರಿಪಡಿಸಿಕೊಂಡರು. ಇಂದಿಗೂ ಅಲ್ಲಿ ಪ್ರೇಕ್ಷಕರು ನಾಟಕಕ್ಕೆ ಮೊದಲು ತಂಡದವರೇ ಮಾಡಿ ಬಡಿಸುವ ಊಟ ಮಾಡುತ್ತಾರೆ. ನಟರು ಬಣ್ಣ ಹಚ್ಚಿಕೊಳ್ಳುವುದನ್ನು ನೋಡುತ್ತಾರೆ, ನಮ್ಮ ಯಕ್ಷಗಾನದ ಚೌಕಿಯೊಳಗೆ ಇಣುಕಿ ನೋಡುವ ಹಾಗೆ. ಭಾರತದ ವಿಭಜನೆಯ ಮೇಲಿನ ‘ಲಾಂದ್ಯಾದ್’ ನಾಟಕ 1987ರಲ್ಲಿ ಅಲ್ಲೇ ಮೈತಳೆಯಿತು. ಒಂದು ತಂಡ ನೆಲೆನಿಂತದ್ದರಿಂದ ಅಕ್ಕಪಕ್ಕದ ಶೆಡ್ಡುಗಳಿಗೆ ಇನ್ನೂ ಹಲವು ತಂಡಗಳು ಬಂದವು. ಲಂಡನ್ನಿನ ಚೀನೀಸ್ ಬೀದಿಯಲ್ಲಿ 1880ರ ದಶಕದಲ್ಲಿ ಬ್ಲೂಮ್ಸ್‌ಬರಿ ರೈಫಲ್ಸ್ ಪಡೆಗಾಗಿ ಕಟ್ಟಿದ ಕವಾಯತು ಹಾಲ್ ಮುಂದೆ ರಂಗಮಂದಿರವಾಯಿತು. ಈಗ ಅದು ಅಲ್ಲಿನ ಪ್ರಸಿದ್ಧ ನಾಟಕ ಶಾಲೆಯ ಕೈಯಲ್ಲಿದೆ. ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಆರ್ಮರಿ 1880ರದು, ಅದರ ಹಾಲ್ 55,000 ಚದರ ಅಡಿ. ಅದನ್ನು ಕಲೆಗಾಗಿ ನಡೆಸಲು ಲಾಭದಾಸೆಯಿಲ್ಲದ ಪ್ರತ್ಯೇಕ ಸಂಸ್ಥೆಯೇ ಇದೆ. ಈ ಮೂರರ ಹಣಕಾಸು, ಗಾತ್ರ, ಅಭಿರುಚಿ ಬೇರೆ ಬೇರೆ. ಸಮಾನವಾದದ್ದು ಒಂದೇ: ದಿನವೂ ಬಾಗಿಲು ತೆರೆಯುವ, ಮಾಡು ಸೋರಿದರೆ ಅಂದೇ ಗಮನಿಸುವ ಜನ ಅಲ್ಲಿದ್ದಾರೆ.

ಈ ತತ್ವಕ್ಕೆ ಸಾಕ್ಷಿ ಬೇಕೆಂದು ನಾವು ವಿದೇಶಕ್ಕೆ ಹೋಗಬೇಕಾಗಿಯೂ ಇಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್ ರಂಗಸಂಸ್ಥೆ ಹುಟ್ಟಿದ್ದು 1949ರಲ್ಲಿ. ಅದರ ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ. ನಡುವಿನ ಎರಡು ದಶಕಕ್ಕೂ ಹೆಚ್ಚಿನ ಕಾಲ ಅಲ್ಲಿ ಇದ್ದದ್ದು ಜನ, ನಾಟಕ, ಓದು, ಚರ್ಚೆ. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ತಿರುಗಾಟ ತಂಡ ಬಂದವು. 1991ರಲ್ಲಿ ಅದರ ರೂವಾರಿ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಜಗತ್ತು ಗೌರವಿಸಿದ್ದು ಒಂದು ಕಟ್ಟಡವನ್ನಲ್ಲ, ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿ ತನ್ನ ಬಲದಿಂದ ಕಟ್ಟಿಕೊಂಡ ರಂಗಸಂಸ್ಕೃತಿಯನ್ನು. ಇದೇ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ ಕೋಟೆಯ ಜಾಗವೊಂದನ್ನು ರಂಗಕ್ಕೆ ಬಳಸುವ ಯೋಚನೆ ಮಾಡುವವರು ಮೊದಲು ಕಲಿಯಬೇಕಾದದ್ದು ಈ ಕ್ರಮವನ್ನು. ಹೊಳೆಹೊನ್ನೂರಿನ ಸುತ್ತಮುತ್ತ ಆಟ ನೋಡುವ, ಆಡುವ ಜನರಿಗೆ ಬರವಿಲ್ಲ. ಶಿವಮೊಗ್ಗದಲ್ಲಿ ರಂಗಾಯಣವಿದೆ, ಭದ್ರಾವತಿಯಲ್ಲಿ ಕಾರ್ಖಾನೆಯ ದುಡಿಮೆಯ ಸುತ್ತ ಬೆಳೆದ ದೊಡ್ಡ ಸಮುದಾಯವಿದೆ. 1918ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ ಆ ಊರಿಗೆ ಹಲವು ಭಾಷೆಯ, ಹಲವು ಕಡೆಯ ಜನರನ್ನು ತಂದಿತು. ತಂಡಕ್ಕೆ ಬೇಕಾದ ಮಣ್ಣು ಇಲ್ಲೇ ಇದೆ.

ಈಗ ಆಕ್ಷೇಪಗಳಿಗೆ ಬರೋಣ. ಎಲ್ಲಕ್ಕಿಂತ ತೂಕದ್ದು ಸಂರಕ್ಷಣೆಯವರ ಆಕ್ಷೇಪ. ನಾಟಕವೆಂದರೆ ಮೊಳೆ, ಹಗ್ಗ, ಜನರೇಟರ್, ಕೇಬಲ್, ನೂರಾರು ಜನರ ಓಡಾಟ. ಇನ್ನೂರು ಮುನ್ನೂರು ವರ್ಷದ ಗಾರೆ ಇದನ್ನೆಲ್ಲ ತಾಳುವುದೇ ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಾನೂನೂ ಅವರ ಕಡೆಗಿದೆ. 1958ರ ಕೇಂದ್ರ ಕಾಯ್ದೆಯ 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ರಾಜ್ಯದ ಸ್ಮಾರಕಗಳಿಗೆ 1961ರ ಕಾಯ್ದೆಯಿದೆ. ಕವಲೇದುರ್ಗ, ನಗರದ ಕೋಟೆಗಳು ಕೇಂದ್ರದ ರಕ್ಷಣೆಯಲ್ಲಿವೆ; ಅಲ್ಲಿ ಸಿಮೆಂಟಿನ ವೇದಿಕೆಯ ಮಾತೇ ಏಳಬಾರದು. ಆದರೆ ಈ ಆಕ್ಷೇಪ ವಿರೋಧಿಸುವುದು ಕಾಯಂ ಕಟ್ಟೋಣವನ್ನು, ನಾಟಕವನ್ನಲ್ಲ. ಬಯಲಾಟ, ದೊಡ್ಡಾಟ, ಯಕ್ಷಗಾನಗಳ ನಾಡು ನಮ್ಮದು. ನಾಲ್ಕು ಕಂಬ, ಒಂದು ಚಪ್ಪರ, ಕೂರಲು ನೆಲ ಇದ್ದರೆ ಬೆಳಗಾಗುವವರೆಗೆ ಆಟ ನಡೆಸಿ, ಮರುದಿನ ಗದ್ದೆಯನ್ನು ಗದ್ದೆಯಾಗಿಯೇ ಬಿಟ್ಟುಹೋದ ಮೇಳಗಳು ನಮ್ಮಲ್ಲಿ ಎಷ್ಟೋ ಆಗಿಹೋಗಿವೆ. ಗೋಡೆಗೆ ಮುಟ್ಟದ, ನೆಲ ಅಗೆಯದ, ಬಿಚ್ಚಿ ಒಯ್ಯಬಹುದಾದ ರಂಗಸಜ್ಜಿಕೆ ನಮಗೆ ಹೊಸ ವಿದ್ಯೆಯೇನೂ ಅಲ್ಲ. ಸಂರಕ್ಷಿತ ಕೋಟೆಗೆ ಅನುಮತಿ ಪಡೆದ ಋತುಮಾನದ ಪ್ರಯೋಗ, ರಕ್ಷಣೆಯ ಪಟ್ಟಿಯಲ್ಲಿಲ್ಲದ ಗಟ್ಟಿ ಕಟ್ಟಡಕ್ಕೆ ಕಾಯಂ ನೆಲೆ ಎಂಬ ಗೆರೆಯನ್ನು ಖಚಿತವಾಗಿ ಎಳೆದುಕೊಂಡರೆ ಎರಡು ಕಡೆಯವರೂ ಒಪ್ಪಬಹುದು. ಬಳಕೆಯಿಲ್ಲದೆ ಬಿದ್ದಿರುವ ಗೋಡೆಯ ಕಲ್ಲು ಸಂದಿಯಲ್ಲಿ ಆಲ, ಅರಳಿಯ ಗಿಡ ಬೇರಿಳಿಸುವುದನ್ನು ಯಾವ ಕಾಯ್ದೆಯೂ ತಡೆಯುವುದಿಲ್ಲ. ಅದನ್ನು ಮೊದಲ ವರ್ಷವೇ ಕಂಡು ಕೀಳುವವರು ಬೇಕು.

ಇನ್ನೊಂದು ಆಕ್ಷೇಪ ರಂಗಕರ್ಮಿಗಳಿಂದಲೇ ಬರುತ್ತದೆ: ಇರುವ ರಂಗಮಂದಿರಗಳೇ ಎಷ್ಟೋ ಸಂಜೆ ಖಾಲಿ ಬಿದ್ದಿರುವಾಗ, ಶಿವಮೊಗ್ಗದಲ್ಲಿ ಕುವೆಂಪು ರಂಗಮಂದಿರವಿರುವಾಗ, ಇನ್ನೊಂದು ಏಕೆ? ಈ ಮಾತು ನನ್ನ ವಾದವನ್ನೇ ಬಲಪಡಿಸುತ್ತದೆ. ಸರ್ಕಾರಿ ರಂಗಮಂದಿರಗಳು ಸಭೆ, ಸನ್ಮಾನ, ಶಾಲಾ ವಾರ್ಷಿಕೋತ್ಸವಗಳಿಗೆ ಬಾಡಿಗೆಗೆ ಸಿಗುವ ಜಾಗಗಳು. ಅವುಗಳಿಗೆ ವ್ಯವಸ್ಥಾಪಕರಿರುತ್ತಾರೆ, ತಂಡವಿರುವುದಿಲ್ಲ. ನಾಟಕಕ್ಕೆ ಬೇಕಾದ ಕಾಲದಲ್ಲಿ ಪ್ರದರ್ಶನದ ಎರಡು ಗಂಟೆ ತೀರ ಚಿಕ್ಕ ಪಾಲು. ಅದರ ಹಿಂದೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಾಲೀಮು ಇರುತ್ತದೆ. ಹವ್ಯಾಸಿ ತಂಡಗಳು ದಿನದ ದುಡಿಮೆ ಮುಗಿಸಿ ಸಂಜೆ ಸೇರಬೇಕು. ಆ ಹೊತ್ತಿಗೆ ಶಾಲೆಯ ಕೋಣೆ, ದೇವಸ್ಥಾನದ ಪ್ರಾಂಗಣ, ಯಾರದೋ ಮನೆಯ ತಾರಸಿ ಎಂದು ಅಲೆಯಬೇಕು. ಉಡುಪು, ಪರಿಕರ ಇಡಲು ಜಾಗವಿಲ್ಲದೆ ಪ್ರತಿ ನಾಟಕಕ್ಕೂ ಹೊಸದಾಗಿ ಖರ್ಚು ಮಾಡಬೇಕು. ಈ ಕೊರತೆ ತುಂಬಲು ಐನೂರು ಕುರ್ಚಿಯ ಸಭಾಂಗಣ ಬೇಕಿಲ್ಲ. ಬ್ಯಾರಕ್ಕಿನಂಥ ಉದ್ದನೆಯ ಒಂದು ಕಟ್ಟಡ, ಒಂದು ಜಗಲಿ, ಬೀಗ ಹಾಕಬಹುದಾದ ಎರಡು ಕೋಣೆ, ಶೌಚಾಲಯ, ರಾತ್ರಿ ಹತ್ತರವರೆಗೆ ವಿದ್ಯುತ್ತು ಇದ್ದರೆ ಸಾಕು. ಹಳೆಯ ಸೇನಾ ಕಟ್ಟಡಗಳು ಕೊಡಬಲ್ಲದ್ದು ಬಹುಪಾಲು ಇದನ್ನೇ. ಕೋಟೆಯೊಳಗೆ ಇಂಥ ಕಟ್ಟಡ ಉಳಿದಿಲ್ಲದ ಕಡೆ, ಉತ್ಪಾದನೆ ನಿಂತ ಕಾರ್ಖಾನೆಯ ಶೆಡ್ಡು ಅದೇ ಕೆಲಸ ಮಾಡುತ್ತದೆ. ಕಾರ್ತೂಶ್ರಿಯೂ ಕಾರ್ಖಾನೆಯೇ ಆಗಿತ್ತು. ಭದ್ರಾವತಿ ಇದನ್ನು ಯೋಚಿಸಬೇಕು.

ಮೂರನೆಯ ಆಕ್ಷೇಪ ನೈತಿಕವಾದದ್ದು. ಯುದ್ಧದ ಜಾಗದಲ್ಲಿ ಮನರಂಜನೆಯೇ? ರಾಜರ ವೈಭವವನ್ನು ಮತ್ತೆ ಹಾಡಿಹೊಗಳಲು ಇದೊಂದು ನೆಪವಾಗುವುದಿಲ್ಲವೇ? ಈ ಭಾಗದ ಚರಿತ್ರೆಯ ಸಿಕ್ಕು ನೋಡಿದರೆ ಆತಂಕ ಸಹಜ. 1791ರಲ್ಲೇ ಮರಾಠಾ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿತು. ಆಗ ಮಠದ ಗುರುಗಳಿಗೆ ಟಿಪ್ಪು ಬರೆದ ಪತ್ರಗಳನ್ನು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಅದೇ 1791ರ ಕೊನೆಯಲ್ಲಿ ಹೊಳೆಹೊನ್ನೂರು ಬಿತ್ತು. ದಾಳಿ ಮಾಡಿದವರು ಯಾರು, ಕಾಯ್ದವರು ಯಾರು ಎಂಬುದು ಇವತ್ತಿನ ಘೋಷಣೆಗಳಿಗೆ ಸುಲಭವಾಗಿ ಒಗ್ಗುವುದಿಲ್ಲ. ಇಂಥ ಚರಿತ್ರೆಯನ್ನು ಧ್ವನಿ ಬೆಳಕಿನ ಪ್ರದರ್ಶನ ಒಂದೇ ಗಂಟಲಲ್ಲಿ ಹೇಳುತ್ತದೆ. ಮುದ್ರಿಸಿದ ದನಿ ಗೋಡೆಯ ಮೇಲಿನ ಬಣ್ಣದ ಬೆಳಕಿನೊಂದಿಗೆ ಪ್ರತಿ ಸಂಜೆ ಅದದನ್ನೇ ನುಡಿಯುತ್ತದೆ, ಎದುರು ಮಾತಾಡುವವರಿಲ್ಲ. ನಾಟಕ ಹಾಗಲ್ಲ. ಅದು ನಿಲ್ಲುವುದೇ ಎರಡು ದನಿಗಳ ತಿಕ್ಕಾಟದ ಮೇಲೆ. ಕಿಲ್ಲೇದಾರನಿಗೆ ಒಂದು ನ್ಯಾಯವಿದ್ದರೆ ಮುತ್ತಿಗೆ ಹಾಕಿದವನಿಗೆ ಇನ್ನೊಂದು. ಇಬ್ಬರ ನಡುವೆ ದನಕರು ಕಳೆದುಕೊಂಡ ರೈತನಿಗೆ ಮೂರನೆಯದು. ‘ತುಘಲಕ್’ ಸುಲ್ತಾನನ ಆಸ್ಥಾನದಲ್ಲಿ ನಡೆದರೂ ಸುಲ್ತಾನನ ಸ್ತುತಿಯಾಗಲಿಲ್ಲ. ಯುದ್ಧದ ಜಾಗದಲ್ಲಿ ಮನುಷ್ಯ ಮಾಡಬಹುದಾದ ಅತ್ಯಂತ ಗೌರವದ ಕೆಲಸವೆಂದರೆ, ಆ ಯುದ್ಧದ ಎಲ್ಲ ಪಕ್ಷಗಳಿಗೂ ಮಾತು ಕೊಡುವುದು.

ಉಳಿದದ್ದು ಹಣ ಮತ್ತು ಒಡೆತನದ ಪ್ರಶ್ನೆ. ನಮ್ಮ ಕೋಟೆಗಳೊಳಗೆ ಎಷ್ಟೋ ಕಡೆ ಮನೆಗಳಿವೆ, ಗುಡಿ ದರ್ಗಾಗಳಿವೆ. ರಂಗಭೂಮಿಯ ಹೆಸರಿನಲ್ಲಿ ಯಾರನ್ನೂ ಎಬ್ಬಿಸಬಾರದು. ಅಲ್ಲಿನ ನಿವಾಸಿಗಳು ಮೊದಲ ಪ್ರೇಕ್ಷಕರಾಗಬೇಕು, ಸಾಧ್ಯವಾದರೆ ಮೊದಲ ನಟರೂ. ಕೋಟಿಗಟ್ಟಲೆ ಅನುದಾನದಿಂದ ಶುರುಮಾಡುವ ಯೋಜನೆಗೆ ಗುತ್ತಿಗೆದಾರ ಸಿಗುತ್ತಾನೆ, ಕಲಾವಿದ ಸಿಗುವುದಿಲ್ಲ. ಹೊಳೆಹೊನ್ನೂರಿನಂಥ ಊರಿಗೆ ಹೊಂದುವ ಕ್ರಮ ಬೇರೆ. ಮೊದಲು ಊರಿನ ಯುವಕ ಯುವತಿಯರ ಒಂದು ತಂಡ, ಅದಕ್ಕೆ ಹೆಗ್ಗೋಡು ಅಥವಾ ರಂಗಾಯಣದಲ್ಲಿ ತರಬೇತಾದ ಒಬ್ಬರ ಮಾರ್ಗದರ್ಶನ. ಆಮೇಲೆ 1791ರ ಆ ಡಿಸೆಂಬರನ್ನು ಊರಿನ ಕಡೆಯಿಂದ ನೋಡುವ ಒಂದು ನಾಟಕ. ಅನುಮತಿ ಪಡೆದು, ಮಾಗಿಯ ಒಣ ರಾತ್ರಿಗಳಲ್ಲಿ, ಕೋಟೆಯ ನೆಲಕ್ಕೆ ಧಕ್ಕೆಯಾಗದ ಹಾಗೆ ನಾಲ್ಕಾರು ಪ್ರದರ್ಶನ. ಹೀಗೆ ಮೂರು ವರ್ಷ ನಡೆದರೆ ಆ ತಂಡಕ್ಕೆ ಹತ್ತಿರದ ಯಾವುದಾದರೂ ಹಳೆಯ ಸರ್ಕಾರಿ ಕಟ್ಟಡವನ್ನು ದೀರ್ಘ ಅವಧಿಗೆ, ನಿರ್ವಹಣೆಯ ಹೊಣೆಯೊಂದಿಗೆ, ಕಡಿಮೆ ಬಾಡಿಗೆಗೆ ಕೊಡಲು ಜಿಲ್ಲಾಡಳಿತ ಹಿಂಜರಿಯಬಾರದು. ನಡೆಯದಿದ್ದರೆ ನಷ್ಟವೇನೂ ಇಲ್ಲ. ಕೋಟೆ ಮೊದಲಿನಂತೆಯೇ ಇರುತ್ತದೆ. ದೊಡ್ಡ ಕಾಮಗಾರಿಯಿಂದ ಶುರುವಾಗುವ ಯೋಜನೆಗೆ ಈ ಮಾತು ಹೇಳಲಾಗದು, ಅಲ್ಲಿ ಸೋಲಿನ ಬೆಲೆಯನ್ನು ಕೋಟೆಯೇ ತೆರಬೇಕಾಗುತ್ತದೆ. ಆದ್ದರಿಂದ ರಂಗಾಸಕ್ತರು ಸರ್ಕಾರದ ಮುಂದೆ ಇಡಬೇಕಾದ ಮೊದಲ ಬೇಡಿಕೆ ಕಟ್ಟಡದ್ದಾಗಬಾರದು. ಊರ ತಂಡವೊಂದು ಮೂರು ವರ್ಷ ಬಾಳಲು ಬೇಕಾಗುವಷ್ಟು ನೆರವಿನದಾಗಬೇಕು.